ಕಾಂತದ ಹಾದಿಯೂ ಸುರುಳಿಯ ಪ್ರವಾಹವೂ

ಹಾನಗಲ್ಲಿನ ಭತ್ತದ ಗದ್ದೆಯಲ್ಲಾಗಲಿ, ಸವಣೂರಿನ ಎಲೆಬಳ್ಳಿಯ ತೋಟದಲ್ಲಾಗಲಿ, ಶಿಗ್ಗಾಂವಿ ಹಿರೇಕೆರೂರುಗಳ ಗೋವಿನಜೋಳದ ಹೊಲದಲ್ಲಾಗಲಿ, ಕೊಳವೆಬಾವಿಯ ಬಳಿ ತೂಗುಹಾಕಿದ ಸ್ಟಾರ್ಟರ್ ಪೆಟ್ಟಿಗೆಯನ್ನು ಕಾಣದವರು ವಿರಳ. “ಕಾಯಿಲು ಸುಟ್ಟಿತು” ಎಂಬ ಮಾತೂ ನಮ್ಮ ಪಾಲಕರಿಗೆ ಹೊಸದಲ್ಲ. ಹೊಸದಾಗಿ ತಂದು ಹಾಕಿದ ಸುರುಳಿಯೂ ಕೆಲವೇ ದಿನಗಳಲ್ಲಿ ಸುಟ್ಟರೆ ಮಾರಿದವನನ್ನು ದೂರುವುದು ವಾಡಿಕೆ. ಆದರೆ ಅನೇಕ ವೇಳೆ ದೋಷವು ಸುರುಳಿಯಲ್ಲಿರದೆ, ಕಣ್ಣಿಗೆ ಬೀಳದ ಒಂದು ಸಣ್ಣ ಸಂದಿನಲ್ಲಿರುತ್ತದೆ. ಅದನ್ನು ಲೆಕ್ಕದಿಂದ ತೋರಿಸುವುದೇ ಈ ಲೇಖನದ ಉದ್ದೇಶವು. ಇದಕ್ಕೆ ಶಾಲೆಯಲ್ಲಿ ಕಲಿತ ಗುಣಾಕಾರ ಭಾಗಾಕಾರಗಳೇ ಸಾಕು.

ತಂತಿಯಲ್ಲಿ ವಿದ್ಯುತ್ತು ಹರಿದಾಗ ಹತ್ತಿರದ ದಿಕ್ಸೂಚಿಯ ಮುಳ್ಳು ತಿರುಗುವುದೆಂಬುದನ್ನು ಡೆನ್ಮಾರ್ಕಿನ ಅರ್ಸ್ಟೆಡ್ ಪಂಡಿತರು ೧೮೨೦ರಲ್ಲಿ ಕಂಡರು. ೧೮೨೫ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ನರು ಕಬ್ಬಿಣದ ಲಾಳಕ್ಕೆ ತಂತಿ ಸುತ್ತಿ ವಿದ್ಯುತ್ಕಾಂತವನ್ನು ರಚಿಸಿದರು. ೧೮೮೬ರಲ್ಲಿ ಹಾಪ್ಕಿನ್ಸನ್ ಸಹೋದರರು ಡೈನಮೋಗಳ ರಚನೆಗೆ ಕಾಂತಮಂಡಲದ ಲೆಕ್ಕವನ್ನು ಅನ್ವಯಿಸಿ ತೋರಿಸಿದರು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒದಗಿಸಿದ ಯಂತ್ರಗಳೂ, ಇಂದು ನಮ್ಮ ಹೊಲದಲ್ಲಿರುವ ಸ್ಟಾರ್ಟರೂ ಒಂದೇ ನಿಯಮಕ್ಕೆ ಒಳಪಟ್ಟಿವೆ.

ಆ ನಿಯಮವನ್ನು ಕೆರೆಯ ಕಾಲುವೆಯ ಹೋಲಿಕೆಯಿಂದ ತಿಳಿಯಬಹುದು. ಕೆರೆಯಲ್ಲಿ ನೀರಿನ ಮಟ್ಟವು ಎತ್ತರವಾದಷ್ಟೂ ತೂಬಿನಿಂದ ಹೆಚ್ಚು ನೀರು ಹರಿಯುವುದು. ಕಾಲುವೆಯು ಉದ್ದವೂ ಇಕ್ಕಟ್ಟೂ ಆದಷ್ಟು ಕಡಿಮೆ ಹರಿಯುವುದು. ಕಾಂತದ ಹಾದಿಯಲ್ಲಿ ಮಟ್ಟದ ಸ್ಥಾನವನ್ನು ಸುರುಳಿಯು ವಹಿಸುತ್ತದೆ. ಸುರುಳಿಯ ಸುತ್ತುಗಳ ಸಂಖ್ಯೆಯನ್ನು ಅದರಲ್ಲಿ ಹರಿಯುವ ಆಂಪಿಯರುಗಳಿಂದ ಗುಣಿಸಿದರೆ ಬರುವುದೇ ಅದರ ಬಲ. ಇದಕ್ಕೆ ಆಂಪಿಯರ್-ಸುತ್ತು ಎಂದು ಹೆಸರು. ಆ ಬಲದಿಂದ ಉಂಟಾಗುವ ಕಾಂತಪ್ರವಾಹವೇ ಫ್ಲಕ್ಸ್. ಹಾದಿಯ ಅಡ್ಡಿಯೇ ಕಾಂತರೋಧ. ಆದರೆ ನೀರಿನಂತೆ ಇಲ್ಲಿ ಯಾವ ವಸ್ತುವೂ ನಿಜವಾಗಿ ಹರಿಯುವುದಿಲ್ಲವೆಂಬುದನ್ನು ಮರೆಯಬಾರದು.

ಈಗ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಬ್ಬಿಣದ ಬಳೆಯೊಂದರ ಹಾದಿಯ ಉದ್ದ ೪೦ ಸೆಂಟಿಮೀಟರು, ಅಡ್ಡಕೊಯ್ತದ ವಿಸ್ತೀರ್ಣ ೪ ಚದರ ಸೆಂಟಿಮೀಟರು. ಅದರ ಮೇಲೆ ೫೦೦ ಸುತ್ತು ತಂತಿಯಿದೆ. ನಮಗೆ ಬೇಕಾದ ಫ್ಲಕ್ಸು ೦.೪ ಮಿಲಿವೇಬರು. ಇದನ್ನು ವಿಸ್ತೀರ್ಣದಿಂದ ಭಾಗಿಸಿದರೆ ಫ್ಲಕ್ಸಿನ ಸಾಂದ್ರತೆಯು ೧ ಟೆಸ್ಲಾ ಆಗುತ್ತದೆ. ಇಷ್ಟು ಸಾಂದ್ರತೆಯು ಗಾಳಿಯಲ್ಲಿ ಒಂದು ಮಿಲಿಮೀಟರು ದೂರ ಸಾಗಲು ಸುಮಾರು ೮೦೦ ಆಂಪಿಯರ್-ಸುತ್ತುಗಳು ಬೇಕು. ನಮ್ಮ ಕಬ್ಬಿಣವು ಗಾಳಿಗಿಂತ ೨,೦೦೦ ಪಾಲು ಸುಲಭವಾಗಿ ಹಾದಿ ಕೊಡುವುದೆಂದು ಇಟ್ಟುಕೊಂಡರೆ, ಅದರ ಪ್ರತಿ ಮಿಲಿಮೀಟರಿಗೆ ೦.೪ ಸಾಕು. ಬಳೆಯ ಉದ್ದ ೪೦೦ ಮಿಲಿಮೀಟರಾದುದರಿಂದ ಒಟ್ಟು ೧೬೦. ಅದನ್ನು ೫೦೦ರಿಂದ ಭಾಗಿಸಲು, ಬೇಕಾದ ಪ್ರವಾಹವು ೦.೩೨ ಆಂಪಿಯರು.

ಇನ್ನು ಆ ಬಳೆಯನ್ನು ಒಂದೆಡೆ ಕೊಯ್ದು ಕೇವಲ ಒಂದು ಮಿಲಿಮೀಟರಿನ ಸಂದನ್ನು ಬಿಡೋಣ. ಕಬ್ಬಿಣಕ್ಕೆ ೧೬೦, ಸಂದಿಗೆ ೮೦೦, ಒಟ್ಟು ೯೬೦. ಅದೇ ಫ್ಲಕ್ಸಿಗೆ ಈಗ ೧.೯೨ ಆಂಪಿಯರು ಬೇಕು. ಅಂದರೆ ಆರು ಪಟ್ಟು! ನಾನೂರು ಮಿಲಿಮೀಟರು ಕಬ್ಬಿಣಕ್ಕಿಂತ ಒಂದು ಮಿಲಿಮೀಟರು ಗಾಳಿಯೇ ಐದು ಪಾಲು ಹೆಚ್ಚಿನ ತಡೆಯಾಯಿತು. ಸಂದಿನ ಅಂಚಿನಲ್ಲಿ ಫ್ಲಕ್ಸು ಸ್ವಲ್ಪ ಹೊರಚೆಲ್ಲುವುದರಿಂದಲೂ, ಸಾಂದ್ರತೆಯು ಹೆಚ್ಚುತ್ತ ಹೋದಂತೆ ಕಬ್ಬಿಣವು ತಣಿದು ಹಾದಿ ಕೊಡಲು ಹಿಂದೆಗೆಯುವುದರಿಂದಲೂ ನಿಜವಾದ ಅಂಕೆಗಳು ತುಸು ಬೇರೆಯಾಗಬಹುದು; ತಾತ್ಪರ್ಯವು ಬೇರೆಯಾಗದು.

ಸ್ಟಾರ್ಟರಿನ ಸುರುಳಿಗೆ ಬರುವುದು ದಿಕ್ಕು ಬದಲಿಸುವ ವಿದ್ಯುತ್ತು. ಅಲ್ಲಿ ಫ್ಲಕ್ಸನ್ನು ಗೊತ್ತುಪಡಿಸುವುದು ವೋಲ್ಟೇಜು. ಆ ಫ್ಲಕ್ಸಿಗೆ ಬೇಕಾದಷ್ಟು ಪ್ರವಾಹವನ್ನು ಸುರುಳಿಯು ತಾನಾಗಿ ಎಳೆದುಕೊಳ್ಳುತ್ತದೆ. ಗುಂಡಿ ಒತ್ತಿದಾಗ ಕಬ್ಬಿಣದ ಎರಡು ಮುಖಗಳು ಕೂಡಿಕೊಂಡರೆ ಪ್ರವಾಹವು ಇಳಿಯುತ್ತದೆ. ನಡುವೆ ಧೂಳು, ತುಕ್ಕು, ಇಲ್ಲವೆ ಇರುವೆಗಳು ಸೇರಿದ್ದರೆ ಸಂದು ಉಳಿಯುತ್ತದೆ, ಪೆಟ್ಟಿಗೆ ಗುಂಯ್‌ಗುಡುತ್ತದೆ. ಪ್ರವಾಹವು ಆರು ಪಟ್ಟಾದರೆ ಸುರುಳಿಯ ಕಾವು ಮೂವತ್ತಾರು ಪಟ್ಟಾಗುವುದು. ವೋಲ್ಟೇಜು ಕಡಿಮೆಯಾದಾಗಲೂ ಇದೇ ಅಪಾಯವುಂಟು. ಎಳೆಯುವ ಬಲವು ಫ್ಲಕ್ಸಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೋಲ್ಟೇಜು ನೂರಕ್ಕೆ ಎಪ್ಪತ್ತಾದರೆ ಬಲವು ಅರ್ಧಕ್ಕೆ ಇಳಿಯುತ್ತದೆ. ಮುಖಗಳು ಕೂಡದೆ ಉಳಿದು ಸುರುಳಿಯು ಸುಡುತ್ತದೆ.

ಆದುದರಿಂದ ಸೋದರಿಯರೇ, ಮನೆಯಲ್ಲಿ ಎರಡನೆಯ ಸುರುಳಿಗೆ ಹಣ ಕೊಡುವ ಮುನ್ನ ಕಬ್ಬಿಣದ ಮುಖಗಳನ್ನು ಪರೀಕ್ಷಿಸಿದರೋ ಎಂದು ವಿಚಾರಿಸಿರಿ. ಮುಖ್ಯ ಸ್ವಿಚ್ಚನ್ನು ತೆಗೆದ ಮೇಲೆ, ಬಲ್ಲವರ ಕೈಯಿಂದಲೇ ಅವುಗಳನ್ನು ಒಣಬಟ್ಟೆಯಿಂದ ಒರೆಸಿಸಿರಿ. ಗುಂಯ್‌ಗುಡುವ ಸ್ಟಾರ್ಟರಿಗೆ ಕಡ್ಡಿಯನ್ನು ಸಿಕ್ಕಿಸಿ ಹಿಡಿಸುವ ರೂಢಿಯನ್ನು ಮಾತ್ರ ಎಂದೂ ಒಪ್ಪಬೇಡಿರಿ. ಆ ಕಡ್ಡಿಯು ಮೋಟಾರಿನ ರಕ್ಷಣೆಯನ್ನೇ ಕಿತ್ತುಹಾಕುತ್ತದೆ. ತೆರೆದ ಪೆಟ್ಟಿಗೆಗೆ ಒದ್ದೆಗೈ ತಗಲಿದರೆ ಪ್ರಾಣಕ್ಕೂ ಎರವು. ಬೆಳೆಯು ನೀರಿಗಾಗಿ ಕಾದಿರುವಾಗ ಅವಸರವು ಸಹಜವೇ. ಆದರೆ ಅರ್ಧ ಗಳಿಗೆಯ ಪರೀಕ್ಷೆಯು ಸುರುಳಿಯನ್ನೂ ಉಳಿಸೀತು, ಬೆಳೆಯನ್ನೂ ಉಳಿಸೀತು, ಮನೆಯವರನ್ನೂ ಉಳಿಸೀತು.