ರೊಟ್ಟಿ ಏಕೆ ಬಿರಿಯುತ್ತದೆ?

ಸಕ್ಕರೆ ಕಾರ್ಖಾನೆಯ ಊರಾದ ಕುಕ್ಕುವಾಡವಿರಲಿ, ದಾವಣಗೆರೆ ಪೇಟೆಯಿರಲಿ, ಅಡುಗೆ ಕಲಿಯುವ ಹುಡುಗ ಹುಡುಗಿಯರನ್ನು ಸೋಲಿಸುವುದು ಜೋಳದ ರೊಟ್ಟಿ. ತಟ್ಟುವಾಗಲೇ ಅಂಚು ಬಿರಿಯುತ್ತದೆ. ಎತ್ತಿದರೆ ಎರಡು ತುಂಡು. ಕೈಗುಣ ಸರಿಯಿಲ್ಲವೆಂದು ಬೈಸಿಕೊಳ್ಳುವುದೂ ಉಂಟು. ತಪ್ಪು ಬಹುಪಾಲು ನೀರಿನದು.

ಗೋಧಿ ಹಿಟ್ಟನ್ನು ನಾದಿದಾಗ ಗ್ಲುಟೆನ್ ಎಂಬ ಪ್ರೋಟೀನು ಬಲೆಯಂತೆ ಹೆಣೆದುಕೊಂಡು ಕಣಕವನ್ನು ಹಿಡಿದಿಡುತ್ತದೆ. ಜೋಳದಲ್ಲಿ ಅದಿಲ್ಲ. ಆದ್ದರಿಂದಲೇ ಕುದಿಯುವ ನೀರು ಬೇಕು. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಹಿಟ್ಟಿನ ಪಿಷ್ಟ ನೀರು ಹೀರಿ ಉಬ್ಬಿ ಅಂಟಾಗುತ್ತದೆ. ಬಲೆಯ ಕೆಲಸವನ್ನು ಈ ಅಂಟು ಮಾಡುತ್ತದೆ. (ಮೊದಲು ಸೌಟಿನಿಂದ ಕಲಸಿ, ಕೈ ಜೋಕೆ!) ಹಂಚಿಗೆ ಹಾಕಿದೊಡನೆ ನೀರು ಸವರುವುದು ಮೇಲ್ಮೈ ಒಣಗಿ ಸೀಳದಿರಲೆಂದು.

ಬರೀ ಜೋಳದ ಹಿಟ್ಟಿನಲ್ಲಿ ಕೇಕು ಮಾಡಹೊರಟರೆ, ಮೊಸರು, ಸೋಡಾ ಸೇರಿ ಹುಟ್ಟುವ ಅನಿಲವೂ ಹೆಚ್ಚು ನಿಲ್ಲದೆ ಸೋರಿಹೋಗುತ್ತದೆ. ಅರ್ಧ ಮೈದಾ ಬೆರೆಸಿ ನೋಡಿ.