ಬ್ರೇಕಿನ ಹಿಡಿತ: ಕ್ಯಾಲಿಪರ್ ಬಿಚ್ಚಿ ನೋಡಿದಾಗ

ಬನದ ಹುಣ್ಣಿಮೆಯ ಜಾತ್ರೆಗೆ ಬಾದಾಮಿಯಿಂದ ಬನಶಂಕರಿಗೆ ಹೋಗುವ ದಾರಿಯನ್ನು ನೀವು ನೋಡಿರಬಹುದು. ಎತ್ತಿನ ಬಂಡಿ, ಟ್ರ್ಯಾಕ್ಟರ್, ಬಸ್ಸು, ಕಾಲ್ನಡಿಗೆಯ ಭಕ್ತರು. ಇವರ ನಡುವೆಯೇ ಅಂಗಡಿಗಳ ಸರಕು, ನಾಟಕ ಕಂಪನಿಗಳ ಸಾಮಾನು ಹೊತ್ತ ವಾಹನಗಳು. ಇಂಥ ದಾರಿಯಲ್ಲಿ ಮಗುವೊಂದು ಅಡ್ಡ ಬಂದರೆ ಚಾಲಕನ ಭರವಸೆಯೆಲ್ಲ ಬ್ರೇಕಿನ ಮೇಲೆ.

ಇಳಕಲ್ಲಿನ ಗ್ರಾನೈಟ್ ಹೊರುವಂಥ ಭಾರಿ ಲಾರಿಗಳಲ್ಲಿ ಸಾಮಾನ್ಯವಾಗಿ ಗಾಳಿಯ ಒತ್ತಡದ ಡ್ರಮ್ ಬ್ರೇಕು ಇರುತ್ತದೆ. ಪಿಕಪ್‌ನಂಥ ಸಣ್ಣ ಸರಕು ವಾಹನಗಳ ಮುಂಚಕ್ರಕ್ಕೆ ಹೆಚ್ಚಾಗಿ ಡಿಸ್ಕ್ ಬ್ರೇಕು. ಚಕ್ರದೊಡನೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳ ನಡುವೆ ಅಮುಕುವ ಇಕ್ಕಳವೇ ಕ್ಯಾಲಿಪರ್. ಪೆಡಲ್ ತುಳಿದಾಗ ಬ್ರೇಕ್ ಆಯಿಲಿನ ಒತ್ತಡ ಅದರ ಪಿಸ್ಟನ್ನನ್ನು ತಳ್ಳುತ್ತದೆ.

ಆಗ ವಾಹನದ ಚಲನಶಕ್ತಿ ಶಾಖವಾಗುತ್ತದೆ. 3 ಟನ್ ತೂಕದ ವಾಹನ ಗಂಟೆಗೆ 60 ಕಿಲೋಮೀಟರ್ ವೇಗದಿಂದ ನಿಂತಾಗ ಹುಟ್ಟುವ ಶಾಖ ಒಂದು ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ವೇಗ ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟು.

ಹಾಗಾದರೆ ಕ್ಯಾಲಿಪರ್ ಬಿಚ್ಚುವುದೇಕೆ? ಅದರ ಪಿಸ್ಟನ್ನೂ ಜಾರುಪಿನ್ನುಗಳೂ ಸಲೀಸಾಗಿ ಸರಿಯಬೇಕು. ಧೂಳು, ತುಕ್ಕು ಹಿಡಿದು ಅವು ಸಿಕ್ಕಿಕೊಂಡರೆ ಒಂದು ಪ್ಯಾಡ್ ಬೇಗ ಸವೆಯುತ್ತದೆ, ಡಿಸ್ಕ್ ಕಾಯುತ್ತದೆ, ಬ್ರೇಕ್ ಹಾಕಿದಾಗ ವಾಹನ ಒಂದು ಪಕ್ಕಕ್ಕೆ ಎಳೆಯುತ್ತದೆ.

ನುರಿತ ಮೆಕ್ಯಾನಿಕ್ ಈ ಕೆಲಸ ಮಾಡುವ ಕ್ರಮವನ್ನು ಗಮನಿಸಿ. ಸಮತಟ್ಟು ನೆಲದಲ್ಲಿ ವಾಹನ ನಿಲ್ಲಿಸಿ, ಹಿಂಚಕ್ರಗಳಿಗೆ ಅಡ್ಡಗಲ್ಲು ಕೊಡುತ್ತಾನೆ. ಜಾಕಿನಿಂದ ಎತ್ತಿದ ಮೇಲೆ ಗಟ್ಟಿ ಸ್ಟ್ಯಾಂಡಿನ ಆಸರೆ ಕೊಟ್ಟೇ ಚಕ್ರ ಬಿಚ್ಚುತ್ತಾನೆ. ಬರೀ ಜಾಕನ್ನು ನಂಬುವುದಿಲ್ಲ. ಬೋಲ್ಟು ತೆಗೆದ ಕ್ಯಾಲಿಪರನ್ನು ತಂತಿಯಿಂದ ಕಟ್ಟಿ ತೂಗುಹಾಕುತ್ತಾನೆ. ರಬ್ಬರ್ ಪೈಪಿನ ಮೇಲೆ ಅದರ ಭಾರ ಬಿದ್ದರೆ ಪೈಪು ಒಳಗೇ ಹಾಳಾಗಬಹುದು. ಪ್ಯಾಡಿನ ಧೂಳನ್ನು ಊದುವುದಿಲ್ಲ, ಒದ್ದೆ ಬಟ್ಟೆಯಿಂದ ಒರೆಸುತ್ತಾನೆ. ಹಳೆಯ ಪ್ಯಾಡುಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಕಲ್ನಾರು ಇರಬಹುದು. ಜಾರುಪಿನ್ನುಗಳಿಗೆ ಶಾಖ ತಡೆಯುವ ಬ್ರೇಕ್ ಗ್ರೀಸನ್ನೇ ಸವರುತ್ತಾನೆ. ಪ್ಯಾಡಿಗಾಗಲಿ ಡಿಸ್ಕಿಗಾಗಲಿ ಗ್ರೀಸ್ ತಾಗಿದರೆ ಹಿಡಿತವೇ ಹೋಯಿತು. ಪ್ಯಾಡ್ ಬದಲಿಸುವುದಾದರೆ ಎಡಬಲ ಎರಡೂ ಚಕ್ರಗಳಿಗೆ ಒಟ್ಟಿಗೇ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಆಯಿಲ್ ಕುದಿದರೆ ಕೊಳವೆಯೊಳಗೆ ಆವಿಯ ಗುಳ್ಳೆಗಳೇಳುತ್ತವೆ, ಪೆಡಲ್ ಮೆತ್ತಗಾಗುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಸೂಜಿಯಿಲ್ಲದ ಎರಡು ಹೊಸ ಸಿರಿಂಜುಗಳನ್ನು ಸಣ್ಣ ಪ್ಲಾಸ್ಟಿಕ್ ನಳಿಕೆಯಿಂದ ಜೋಡಿಸಿ, ಗಾಳಿ ಉಳಿಯದಂತೆ ನೀರು ತುಂಬಿ. ಒಂದನ್ನು ಒತ್ತಿದರೆ ಇನ್ನೊಂದು ಕೂಡಲೇ ಮೇಲೇಳುತ್ತದೆ. 17ನೆಯ ಶತಮಾನದಲ್ಲಿ ಬ್ಲೇಸ್ ಪ್ಯಾಸ್ಕಲ್ ವಿವರಿಸಿದ ನಿಯಮವೇ ಇದು. ಈಗ ಒಳಗೆ ಸ್ವಲ್ಪ ಗಾಳಿ ಬಿಟ್ಟು, ಎರಡನೆಯದನ್ನು ಬೆರಳಿನಿಂದ ತಡೆದು ಮತ್ತೆ ಒತ್ತಿ. ನಿಮ್ಮ ಬಲ ಗಾಳಿಯನ್ನು ಕುಗ್ಗಿಸುವುದರಲ್ಲೇ ವ್ಯಯವಾಗುವುದು ಗೊತ್ತಾಗುತ್ತದೆ.

ಪೈಪು ಬಿಚ್ಚಿದ್ದರೆ ಗಾಳಿಯನ್ನು ಪೂರ್ತಿ ಹೊರತೆಗೆಯಬೇಕಾದುದು ಇದಕ್ಕಾಗಿಯೇ. ಬಿಚ್ಚದಿದ್ದರೂ, ಹಿಂದಕ್ಕೆ ಸರಿಸಿದ ಪಿಸ್ಟನ್ ಪ್ಯಾಡನ್ನು ಮತ್ತೆ ಮುಟ್ಟುವವರೆಗೆ ಮೊದಲ ತುಳಿತಗಳು ಖಾಲಿಯೇ ಹೋಗುತ್ತವೆ. ಆದ್ದರಿಂದ ಪೆಡಲನ್ನು ಗಟ್ಟಿಯಾಗುವತನಕ ತುಳಿದು, ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ನೋಡಿದ ಮೇಲೆಯೇ ವಾಹನ ಜಾತ್ರೆಯ ದಾರಿ ಹಿಡಿಯಬೇಕು.