ಆರ್ಗಾನ್‌ಗೆ ತೂಕ ಕೊಟ್ಟ ಬಂಡೆಗಳು

ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ರೈಲು ಹಾದಿಯ ಪಕ್ಕದಲ್ಲೇ ಎದ್ದಿರುವ ಮಾಕಳಿದುರ್ಗದ ಬೆಟ್ಟ ಗ್ರಾನೈಟ್‌ನದು. ಕೋಟೆ ಹತ್ತುವವರು ಕಾಲೂರುವ ಬಂಡೆಯನ್ನು ಬಗ್ಗಿ ನೋಡಿದರೆ ಹರಳುಗಳು ಬೇರೆಬೇರೆಯಾಗಿ ಕಾಣುತ್ತವೆ: ಮಸುಕು ಗಾಜಿನಂಥ ಬೆಣಚು, ಮಿನುಗುವ ಕಪ್ಪು ಅಭ್ರಕ, ಬಿಳಿ ಅಥವಾ ನಸುಗೆಂಪು ಫೆಲ್ಡ್‌ಸ್ಪಾರ್. ಪೊಟ್ಯಾಶಿಯಂ ಹೆಚ್ಚಾಗಿ ಇರುವುದು ಈ ಕೊನೆಯದರಲ್ಲಿ. ಆವರ್ತ ಕೋಷ್ಟಕದಲ್ಲಿ ಪೊಟ್ಯಾಶಿಯಂ 19ನೆಯದು, ಅದಕ್ಕೆ ಮೊದಲಿನ 18ನೇ ಮನೆ ಆರ್ಗಾನ್ ಅನಿಲದ್ದು. ತೂಕ ನೋಡಿದರೆ ಮಾತ್ರ ಲೆಕ್ಕ ತಲೆಕೆಳಗು: ಆರ್ಗಾನ್ 39.95, ಪೊಟ್ಯಾಶಿಯಂ 39.10. ಪಠ್ಯಪುಸ್ತಕಗಳು ಇದನ್ನು ಅಪವಾದವೆಂದು ಹೇಳಿ ಮುಂದೆ ಹೋಗುತ್ತವೆ. ಆದರೆ ಈ ವ್ಯತ್ಯಾಸ ಹುಟ್ಟಿದ್ದೇ ಪೊಟ್ಯಾಶಿಯಂ ತುಂಬಿದ ಇಂಥ ಬಂಡೆಗಳಿಂದ. ಕೋಷ್ಟಕವನ್ನು ಕಟ್ಟಿದವರೂ ತೂಕವನ್ನು ಪೂರ್ತಿ ನಂಬಿರಲಿಲ್ಲ.

1869ರಲ್ಲಿ ಮೆಂಡಲೀವ್ ಮೂಲಧಾತುಗಳನ್ನು ತೂಕದ ಸಾಲಿನಲ್ಲಿ ನಿಲ್ಲಿಸಿದ್ದು ನಿಜ. ಟೆಲ್ಲುರಿಯಂ, ಅಯೋಡಿನ್‌ಗಳ ಸರದಿ ಬಂದಾಗ ಅವನೇ ಆ ನಿಯಮ ಮುರಿದ. ಟೆಲ್ಲುರಿಯಂ ಭಾರವಾಗಿದ್ದರೂ ಅದನ್ನು ಮೊದಲು ಕೂರಿಸಿದ. ಏಕೆಂದರೆ ಅಯೋಡಿನ್‌ನ ಗುಣ ಕ್ಲೋರಿನ್, ಬ್ರೋಮಿನ್‌ಗಳ ಗುಣವಾಗಿತ್ತು. ತೂಕವನ್ನೇ ತಪ್ಪಾಗಿ ಅಳೆದಿದ್ದಾರೆ ಎಂಬುದು ಅವನ ಸಮಾಧಾನ. ಆ ಊಹೆ ಸುಳ್ಳಾಯಿತು, ಕೂರಿಸಿದ ಜಾಗ ಮಾತ್ರ ಸರಿಯಾಗಿತ್ತು. 1894ರಲ್ಲಿ ರ‍್ಯಾಲಿ ಮತ್ತು ರಾಮ್ಸೆ ಗಾಳಿಯಲ್ಲಿ ಆರ್ಗಾನ್ ಕಂಡುಹಿಡಿದಾಗ ಯಾವುದರ ಜೊತೆಗೂ ಕೂಡದ ಈ ಅನಿಲಕ್ಕೆ ಕೋಷ್ಟಕದಲ್ಲಿ ಮನೆಯೇ ಇರಲಿಲ್ಲ. ಮೂರು ನೈಟ್ರೋಜನ್ ಪರಮಾಣುಗಳು ಕೂಡಿದ ಅಣು ಅದಾಗಿರಬಹುದೆಂದು ಮೆಂಡಲೀವ್ ಶಂಕಿಸಿದ. ಜಡಾನಿಲಗಳಿಗೆ ಹೊಸ ಕಂಬಸಾಲೇ ಬೇಕಾಯಿತು. ಗೊಂದಲ ಬಿಡಿಸಿದ್ದು ಹೆನ್ರಿ ಮೋಸ್ಲಿ. 1913–14ರಲ್ಲಿ ಅವನು ಮೂಲಧಾತುಗಳು ಹೊಮ್ಮಿಸುವ ಎಕ್ಸ್-ಕಿರಣಗಳನ್ನು ಅಳೆದ. ಆವರ್ತಾಂಕದ ವರ್ಗಮೂಲ ಒಂದು ಧಾತುವಿನಿಂದ ಮುಂದಿನದಕ್ಕೆ ಸಮನಾದ ಮೆಟ್ಟಿಲಿನಲ್ಲಿ ಏರುತ್ತಿತ್ತು. ಆ ಮೆಟ್ಟಿಲಿನ ಎಣಿಕೆಯೇ ಪರಮಾಣು ಸಂಖ್ಯೆ, ಅಂದರೆ ಬೀಜಕೇಂದ್ರದ ಪ್ರೋಟಾನ್‌ಗಳ ಸಂಖ್ಯೆ. ಕ್ಲೋರಿನ್ 17, ಪೊಟ್ಯಾಶಿಯಂ 19, ನಡುವಿನದು ಆರ್ಗಾನ್‌ನದು.

ಹಾಗಾದರೆ ಆರ್ಗಾನ್ ಇಷ್ಟು ಭಾರವೇಕೆ? ಉತ್ತರ ಫೆಲ್ಡ್‌ಸ್ಪಾರ್‌ನಲ್ಲಿದೆ. ಪೊಟ್ಯಾಶಿಯಂನ ಶೇ 0.0117ರಷ್ಟು ಭಾಗ ವಿಕಿರಣಶೀಲವಾದ ಪೊಟ್ಯಾಶಿಯಂ-40. ಅದರ ಅರ್ಧಾಯುಷ್ಯ 125 ಕೋಟಿ ವರ್ಷ. ಕ್ಷಯಿಸುವ ಪ್ರತಿ ಹತ್ತರಲ್ಲಿ ಸುಮಾರು ಒಂಬತ್ತು ಪರಮಾಣು ಕ್ಯಾಲ್ಸಿಯಂ ಆಗುತ್ತವೆ, ಒಂದು ಆರ್ಗಾನ್-40 ಆಗುತ್ತದೆ. ಈ ಸೀಮೆಯ ಗ್ರಾನೈಟ್‌ನ ವಯಸ್ಸು ಸುಮಾರು 250 ಕೋಟಿ ವರ್ಷ, ಅಂದರೆ ಎರಡು ಅರ್ಧಾಯುಷ್ಯ. ಹುಟ್ಟಿದಾಗಿದ್ದ ಪೊಟ್ಯಾಶಿಯಂ-40ರಲ್ಲಿ ಉಳಿದದ್ದು ಕಾಲುಭಾಗ. ಬಂಡೆ ಕಾದಾಗ, ಕರಗಿದಾಗ, ಸವೆದಾಗ ಅದರೊಳಗಿನ ಆರ್ಗಾನ್ ಹೊರಬೀಳುತ್ತದೆ. ನಾವು ಉಸಿರಾಡುವ ಗಾಳಿಯ ಶೇ 0.93 ಆರ್ಗಾನ್, ಅದರಲ್ಲಿ ಶೇ 99.6ರಷ್ಟು ಹೀಗೆ ಭೂಮಿಯ ಒಡಲಿನಿಂದ ಬಂದ ಆರ್ಗಾನ್-40. ನಕ್ಷತ್ರಗಳಲ್ಲಿ ತಯಾರಾಗುವುದು ಹೆಚ್ಚಾಗಿ ಆರ್ಗಾನ್-36. ಅದನ್ನೇ ತೂಗಿದ್ದರೆ ಪೊಟ್ಯಾಶಿಯಂಗಿಂತ ಹಗುರವಾಗಿ, ಯಾರ ತಕರಾರೂ ಇಲ್ಲದೆ ತನ್ನ ಸಾಲಿನಲ್ಲಿ ಕೂತಿರುತ್ತಿತ್ತು.

ಟೆಲ್ಲುರಿಯಂ–ಅಯೋಡಿನ್ ಜೋಡಿಗೆ ಈ ಕಥೆ ಹೊಂದುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ಅಲ್ಲಿ ಪೊಟ್ಯಾಶಿಯಂನ ಕೈವಾಡವಿಲ್ಲ. ಟೆಲ್ಲುರಿಯಂನ ಸಮಸ್ಥಾನಿಗಳಲ್ಲಿ, ಅಂದರೆ ಪ್ರೋಟಾನ್ ಎಣಿಕೆ ಒಂದೇ ಇದ್ದು ತೂಕ ಬೇರೆಯಾದ ಪರಮಾಣುಗಳಲ್ಲಿ, 128, 130 ತೂಕದ ಭಾರಿ ಪರಮಾಣುಗಳೇ ಹೆಚ್ಚು; ಅಯೋಡಿನ್‌ಗೆ ಸ್ಥಿರವಾದದ್ದು 127ರದು ಒಂದೇ. ಹೀಗೆಯೇ ತೂಕ ತಲೆಕೆಳಗಾದ ಕೋಬಾಲ್ಟ್–ನಿಕಲ್ ಜೋಡಿಗೂ ಇಂಥದೇ ಕಾರಣ. ಪರಮಾಣು ತೂಕವೆಂಬುದು ಸಮಸ್ಥಾನಿಗಳ ಸರಾಸರಿ. ಅದು ಧಾತುವಿನ ಹುಟ್ಟಿನ ಮೇಲೆ, ಆರ್ಗಾನ್‌ನ ಮಟ್ಟಿಗೆ ಅದನ್ನು ಯಾವ ಗ್ರಹದಲ್ಲಿ ತೂಗುತ್ತೇವೆ ಎಂಬುದರ ಮೇಲೂ ನಿಂತಿದೆ. ಪ್ರೋಟಾನ್‌ಗಳ ಎಣಿಕೆಗೆ ಆ ಹಂಗಿಲ್ಲ; ಮಾಕಳಿದುರ್ಗದಲ್ಲೂ ಗುರುಗ್ರಹದಲ್ಲೂ ಆರ್ಗಾನ್ 18ನೆಯದೇ.